ಡ್ಯುಟೀರೇಟೆಡ್ ದ್ರಾವಕಗಳು: ಯಾವುದನ್ನು ಬಾಟಲಿಯಲ್ಲಿ, ಯಾವುದನ್ನು ಆಂಪ್ಯೂಲ್‌ನಲ್ಲಿ ತರಿಸಬೇಕು

ಎನ್‌ಎಂಆರ್ ಎಂದರೆ ಕಾಂತಕ್ಷೇತ್ರದಲ್ಲಿ ಅಣುವಿನ ಪ್ರೋಟಾನು, ಕಾರ್ಬನ್‌ಗಳ ಸಿಗ್ನಲ್ ಹಿಡಿದು ರಚನೆ ತಿಳಿಯುವ ವಿಧಾನ. ಅದಕ್ಕೆ ಸ್ಯಾಂಪಲ್ ಕರಗಿಸುವುದು ಡ್ಯುಟೀರೇಟೆಡ್ ದ್ರಾವಕದಲ್ಲಿ, ಅಂದರೆ ಸಾದಾ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ (ಡಿ) ಇರುವ ದ್ರಾವಕದಲ್ಲಿ; ದ್ರಾವಕದ ಪ್ರೋಟಾನುಗಳೇ ಸ್ಪೆಕ್ಟ್ರಮ್ ತುಂಬದಿರಲಿ ಎಂದು. ಈ ಎನ್‌ಎಂಆರ್ ದ್ರಾವಕದ ಬಾಟಲಿ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ: 99.8 ಆಟಂ ಪರ್ಸೆಂಟ್ ಡಿ, ಇಲ್ಲವೇ 99.9, ಇಲ್ಲವೇ 99.96. ಹೈಡ್ರೋಜನ್ ಇರಬೇಕಾದ ಜಾಗಗಳಲ್ಲಿ ಶೇಕಡಾ ಎಷ್ಟು ಡ್ಯುಟೀರಿಯಂ ಇದೆ ಎಂಬುದು ಅದು. ಕೊಟೇಶನ್ ತರಿಸುವವರು ಅದನ್ನೇ ನೋಡುತ್ತಾರೆ, ದರವೂ ಅದರ ಮೇಲೆಯೇ ಏರುತ್ತದೆ. ಆದರೆ ಕೆಟ್ಟುಹೋದ ಸ್ಪೆಕ್ಟ್ರಮ್‌ಗಳನ್ನು ಗುಡ್ಡೆ ಹಾಕಿ ಕಾರಣ ಹುಡುಕಿದರೆ ಆ ಸಂಖ್ಯೆಯ ತಪ್ಪು ಸಿಗುವುದು ಅಪರೂಪ. ಸಿಗುವುದು ನೀರು, ಆಮ್ಲ, ಮುಚ್ಚಳದ ಪ್ಲಾಸ್ಟಿಕ್ಕು, ಅಗತ್ಯಕ್ಕಿಂತ ದೊಡ್ಡ ಬಾಟಲಿ. ಸಿಗ್ಮಾ-ಆಲ್ಡ್ರಿಚ್, ಕೇಂಬ್ರಿಜ್ ಐಸೊಟೋಪ್, ಯೂರಿಸೊಟಾಪ್, ಡ್ಯುಟೀರೊ ಇವುಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ, ಒಂದೇ ಗ್ರೇಡ್‌ನ ಹೊಸ ಬಾಟಲಿಗಳ ನಡುವೆ ದಿನನಿತ್ಯದ ಪ್ರೋಟಾನ್ ಸ್ಪೆಕ್ಟ್ರಮ್‌ಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಹುಟ್ಟುವುದು ಪ್ಯಾಕಿಂಗ್‌ನಲ್ಲಿ, ಆಮೇಲೆ ನಮ್ಮ ಕಪಾಟಿನಲ್ಲಿ. ಹಾಗಾಗಿ ಇಲ್ಲಿ ಕಂಪನಿಗಿಂತ ಹೆಚ್ಚಾಗಿ ಪ್ಯಾಕನ್ನು ತೂಗಿ ನೋಡಿದೆ.

ಮೊದಲು ಆ ದಪ್ಪಕ್ಷರದ ಸಂಖ್ಯೆಯನ್ನೇ ಲೆಕ್ಕಕ್ಕೆ ಇಳಿಸೋಣ. ಸಿಡಿಸಿಎಲ್3 ಎಂದರೆ ಡ್ಯುಟೀರೇಟೆಡ್ ಕ್ಲೋರೋಫಾರಂ. ಅದರ ಸಾಂದ್ರತೆ ಮಿಲಿಲೀಟರ್‌ಗೆ 1.50 ಗ್ರಾಂ. 5 ಮಿ.ಮೀ. ಟ್ಯೂಬಿಗೆ ಹಾಕುವ 0.6 ಮಿ.ಲೀ.ನಲ್ಲಿ ಸುಮಾರು 7.5 ಮಿಲಿಮೋಲ್ ದ್ರಾವಕ ಇರುತ್ತದೆ. 99.8 ಗ್ರೇಡ್ ಆದರೆ ಅದರಲ್ಲಿ 0.2 ಶೇಕಡಾ, ಅಂದರೆ 15 ಮೈಕ್ರೋಮೋಲ್, ಸಾದಾ ಕ್ಲೋರೋಫಾರಂ. ಸ್ಪೆಕ್ಟ್ರಮ್‌ನ ಅಡ್ಡ ಅಳತೆಯಾದ ಪಿಪಿಎಂನಲ್ಲಿ 7.26ಕ್ಕೆ ನಿಲ್ಲುವ ಪೀಕು ಅದೇ (ಮುಂದೆ ಹೇಳುವ ಪೀಕಿನ ಜಾಗಗಳೆಲ್ಲ ಇದೇ ಅಳತೆಯವು). ಅಣುಭಾರ 300 ಇರುವ ಸಂಯುಕ್ತವನ್ನು 4 ಮಿ.ಗ್ರಾಂ ಹಾಕಿದರೆ 13 ಮೈಕ್ರೋಮೋಲ್ ಆಯಿತು. ಅಂದರೆ ದ್ರಾವಕದ ಪೀಕು ನಿಮ್ಮ ಒಂದು ಪ್ರೋಟಾನಿನಷ್ಟು. ಇದರಿಂದ ಯಾರಿಗೂ ತೊಂದರೆ ಇಲ್ಲ. 99.96 ಗ್ರೇಡ್‌ನಲ್ಲಿ ಅದು 3 ಮೈಕ್ರೋಮೋಲ್‌ಗೆ ಇಳಿಯುತ್ತದೆ. ಸ್ಯಾಂಪಲ್ ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದು, 7.2ರ ಸುತ್ತ ಮುಖ್ಯವಾದ ಆರೊಮ್ಯಾಟಿಕ್ ಪೀಕುಗಳೂ ಇದ್ದರೆ ಮಾತ್ರ ಈ ಇಳಿಕೆಗೆ ಹೆಚ್ಚಿನ ದುಡ್ಡು ಕೊಡಬೇಕು. ರಿಯಾಕ್ಷನ್ ಹೇಗೆ ಸಾಗಿದೆ ಎಂದು ನೋಡುವ ಕಚ್ಚಾ ಸ್ಯಾಂಪಲ್‌ಗೆ 99.96 ಹಾಕುವುದು ಶುದ್ಧ ದಂಡ.

ಇನ್ನು ಸಿಡಿಸಿಎಲ್3 ಬಾಟಲಿಯ ವಿಚಾರ. ಅಗ್ಗವಾದದ್ದು, ಬೇಗ ಆವಿಯಾಗುತ್ತದೆ, ಸ್ಯಾಂಪಲ್ ವಾಪಸ್ ತೆಗೆಯುವುದು ಸುಲಭ. ಸಾವಯವ ರಸಾಯನದ ಲ್ಯಾಬುಗಳಲ್ಲಿ ಹತ್ತರಲ್ಲಿ ಏಳೆಂಟು ಟ್ಯೂಬಿಗೆ ಇದೇ ಬೀಳುತ್ತದೆ. 100 ಗ್ರಾಂನ ಕಂದು ಗಾಜಿನ ಬಾಟಲಿ, ಒಳಗೆ ಬೆಳ್ಳಿ ತಗಡು ಇರುವುದು: ತರಿಸಬೇಕಾದದ್ದು ಇದನ್ನೇ. ಬೆಳ್ಳಿ ಇಲ್ಲದ ಪ್ಯಾಕ್ ಸ್ವಲ್ಪ ಅಗ್ಗಕ್ಕೆ ಸಿಕ್ಕರೂ ಬೇಡ. ಕಾರಣ ಇಷ್ಟು: ಬೆಳಕು ಮತ್ತು ಆಮ್ಲಜನಕ ಸೇರಿ ಕ್ಲೋರೋಫಾರಂ ಒಡೆದಾಗ ಫಾಸ್ಜೀನ್ ಎಂಬ ವಿಷಾನಿಲ ಮತ್ತು ಡಿಸಿಎಲ್ (ಡ್ಯುಟೀರಿಯಂ ಇರುವ ಹೈಡ್ರೋಕ್ಲೋರಿಕ್ ಆಮ್ಲ) ಹುಟ್ಟುತ್ತವೆ. ಸಾದಾ ಕ್ಲೋರೋಫಾರಂಗೆ ಇದನ್ನು ತಡೆಯಲು ಅರ್ಧದಿಂದ ಒಂದು ಶೇಕಡಾ ಎಥನಾಲ್ ಸೇರಿಸಿರುತ್ತಾರೆ. ಎನ್‌ಎಂಆರ್ ದ್ರಾವಕಕ್ಕೆ ಎಥನಾಲ್ ಹಾಕುವ ಹಾಗಿಲ್ಲ, 1.25ರಲ್ಲಿ ಟ್ರಿಪ್ಲೆಟ್ (ಮೂರು ಗೆರೆ), 3.72ರಲ್ಲಿ ಕ್ವಾರ್ಟೆಟ್ (ನಾಲ್ಕು ಗೆರೆ) ಎದ್ದು ನಿಲ್ಲುತ್ತವೆ. ಹಾಗಾಗಿ ಬೆಳ್ಳಿ ತಗಡು. ಹುಟ್ಟುವ ಆಮ್ಲವನ್ನು ಅದು ಸಿಲ್ವರ್ ಕ್ಲೋರೈಡ್ ಆಗಿ ಹಿಡಿದಿಟ್ಟುಕೊಳ್ಳುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತಗಡನ್ನು ನೋಡಿ. ಹೊಳಪಿದ್ದರೆ ಸರಿ. ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಇಷ್ಟು ದಿನ ಕೆಲಸ ಮಾಡಿದೆ, ಇನ್ನು ಮುಂದೆ ಅದನ್ನು ನಂಬಿಕೊಂಡು ಕೂರಬಾರದು.

ಆಮ್ಲ ಇದೆಯೋ ಇಲ್ಲವೋ ಎಂದು ನೋಡಲು ಮಷೀನೇ ಬೇಕಿಲ್ಲ. ಅರ್ಧ ಮಿ.ಲೀ. ಸಿಡಿಸಿಎಲ್3ಗೆ ಅಷ್ಟೇ ಡಿಸ್ಟಿಲ್ಡ್ ನೀರು ಹಾಕಿ ಚೆನ್ನಾಗಿ ಕುಲುಕಿ, ಮೇಲಿನ ನೀರಿನ ಪದರದಿಂದ ಒಂದು ಹನಿ ಪಿಎಚ್ ಕಾಗದದ ಮೇಲೆ ಬಿಡಿ. ಬರಿ ನೀರಿನ ಹನಿಯನ್ನೂ ಪಕ್ಕದಲ್ಲೇ ಇಟ್ಟು ಹೋಲಿಸಿ. ಕಾಗದ ಕೆಂಪಿಗೆ ತಿರುಗಿದರೆ ಆ ಬಾಟಲಿಯಲ್ಲಿ ಟ್ರಿಟೈಲ್ ಈಥರ್, ಅಸಿಟಾಲ್, ಈನಾಲ್ ಈಥರ್, ಸಿಲೈಲ್ ಈನಾಲ್ ಈಥರ್, ಗ್ಲೈಕ್ಯಾಲ್ (ಸಕ್ಕರೆಯಿಂದ ಬಂದ ಈನಾಲ್ ಈಥರ್) ಅಂಥ ಆಮ್ಲ ತಾಳದ ಸಂಯುಕ್ತ ಯಾವುದನ್ನೂ ಕರಗಿಸಬಾರದು. ಬೆಳಿಗ್ಗೆ ಸ್ವಚ್ಛವಾಗಿದ್ದ ಸಂಯುಕ್ತ ಸಂಜೆಯ ಕಾರ್ಬನ್ ಸ್ಪೆಕ್ಟ್ರಮ್‌ನಲ್ಲಿ ಎರಡಾಗಿ ಕಂಡರೆ, ತಯಾರಿಕೆಯಲ್ಲಿ ತಪ್ಪಾಯಿತೆಂದು ವಿದ್ಯಾರ್ಥಿ ತಲೆ ಕೆಡಿಸಿಕೊಳ್ಳುತ್ತಾನೆ. ತಪ್ಪು ಟ್ಯೂಬಿನೊಳಗೇ ನಡೆದಿರುತ್ತದೆ. ಅಮೀನ್‌ಗಳ ಲಕ್ಷಣ ಬೇರೆ. ಒಂದಿಷ್ಟು ಭಾಗ ಲವಣವಾಗಿ, ನೈಟ್ರೋಜನ್ ಪಕ್ಕದ ಸಿಎಚ್2 ಪೀಕುಗಳು ಅಗಲವಾಗಿ ಎಡಕ್ಕೆ ಸರಿಯುತ್ತವೆ, ಎರಡು ಬಾರಿ ತೆಗೆದ ಸ್ಪೆಕ್ಟ್ರಮ್‌ಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಫಾಸ್ಜೀನ್ ಉಳಿದಿದ್ದರೆ ಅಮೀನ್ ಯೂರಿಯಾ ಕೂಡ ಆದೀತು.

ಪರಿಹಾರ ಸುಲಭ. ಪಾಶ್ಚರ್ ಪಿಪೆಟ್ಟಿನ ಕೊರಳಿಗೆ ಸ್ವಲ್ಪ ಹತ್ತಿ ತುರುಕಿ, ಅದರ ಮೇಲೆ ಮೂರು ಸೆಂ.ಮೀ. ಬೇಸಿಕ್ ಅಲ್ಯುಮಿನಾ ತುಂಬಿ, ಬೇಕಾದಷ್ಟು ಸಿಡಿಸಿಎಲ್3 ಅದರ ಮೂಲಕ ನೇರವಾಗಿ ಗಾಜಿನ ವಯಲ್‌ಗೆ ಇಳಿಸಿ. ಆಮ್ಲವೂ ಹೋಗುತ್ತದೆ, ನೀರಿನ ಬಹುಪಾಲೂ ಹೋಗುತ್ತದೆ, 1.56ರ ನೀರಿನ ಪೀಕು ಕುಗ್ಗಿದ್ದು ಕಣ್ಣಿಗೇ ಕಾಣುತ್ತದೆ. ಹೀಗೆ ಇಳಿಸಿದ್ದನ್ನು ಅದೇ ದಿನ ಬಳಸಿ ಮುಗಿಸಬೇಕು, ಬೆಳ್ಳಿ ಇಲ್ಲದ ವಯಲ್‌ನಲ್ಲಿ ಅದಕ್ಕೆ ಕಾವಲು ಇಲ್ಲ. ಪದೇ ಪದೇ ಆಮ್ಲ ತಾಳದ ಸಂಯುಕ್ತಗಳ ಮೇಲೆ ಕೆಲಸ ಇದ್ದರೆ, ಒಲೆಯಲ್ಲಿ ಒಣಗಿಸಿ ಡೆಸಿಕೇಟರ್‌ನಲ್ಲಿ ಆರಿಸಿದ ಪೊಟ್ಯಾಸಿಯಂ ಕಾರ್ಬೊನೇಟ್ ಒಂದೆರಡು ಗ್ರಾಂ ಬಾಟಲಿಗೇ ಹಾಕಿಟ್ಟುಬಿಡಿ. ಹರಳು ಹರಳಾಗಿರುವುದನ್ನು ಹಾಕಿ, ನುಣುಪು ಪುಡಿ ಬೇಡ. ಪುಡಿ ಟ್ಯೂಬಿಗೆ ಹೋದರೆ ಶಿಮ್ (ಕಾಂತಕ್ಷೇತ್ರವನ್ನು ಸಮ ಮಾಡುವುದು) ಎಷ್ಟು ಮಾಡಿದರೂ ಪೀಕಿನ ಬುಡ ಅಗಲವಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಗಟ್ಟಿಯಾಗಿ ಹೇಳಬೇಕಾದದ್ದು. ಕ್ಲೋರೋಫಾರಂ ಒಣಗಿಸಲು ಸೋಡಿಯಂ ಲೋಹ ಯಾವತ್ತೂ ಹಾಕಬಾರದು, ಸ್ಫೋಟವಾಗುತ್ತದೆ. ಕಾಸ್ಟಿಕ್ ಸೋಡಾ, ಕಾಸ್ಟಿಕ್ ಪೊಟ್ಯಾಷ್ ಕೂಡ ಬೇಡ. ಟ್ಯೂಬು ತೊಳೆಯುವ ಜಾಗದಲ್ಲಿ ಅಪಾಯ ಇನ್ನೂ ಹತ್ತಿರ ಇರುತ್ತದೆ: ಟ್ಯೂಬಿನ ಸಿಡಿಸಿಎಲ್3, ತೊಳೆದ ಅಸಿಟೋನ್, ಎರಡೂ ಒಂದೇ ಕ್ಯಾನಿಗೆ ಬೀಳುತ್ತವೆ. ಅದಕ್ಕೆ ಯಾರಾದರೂ ಪೊಟ್ಯಾಷ್-ಆಲ್ಕೊಹಾಲ್ ಬಾತ್‌ನ ನೀರು ಸುರಿದರೆ ಕ್ಯಾನು ಕುದಿದು ಸಿಡಿಯಬಹುದು. ಕ್ಲೋರಿನ್ ಇರುವ ತ್ಯಾಜ್ಯಕ್ಕೆ ಬೇರೆ ಕ್ಯಾನ್ ಇಡಿ, ಅದರ ಮೇಲೆ ಕನ್ನಡದಲ್ಲೂ ಬರೆದು ಅಂಟಿಸಿ. ಕ್ಯಾನು ಎತ್ತುವವರು ಅದನ್ನೇ ಓದುತ್ತಾರೆ.

ಸ್ಪೆಕ್ಟ್ರಮ್‌ನ ಸೊನ್ನೆ ಗುರುತಿಸುವ ಟಿಎಂಎಸ್ (ಟೆಟ್ರಾಮೀಥೈಲ್‌ಸಿಲೇನ್) ಸೇರಿಸಿದ್ದು ಬೇಕೋ, ಸೇರಿಸದ್ದೋ? 0.03 ಶೇಕಡಾ ಟಿಎಂಎಸ್ ಇರುವ ಪ್ಯಾಕ್ ಅಳತೆಗೆ ಸರಿಯಾಗಿದೆ. ಲೆಕ್ಕ ಹಾಕಿದರೆ 0.6 ಮಿ.ಲೀ.ನಲ್ಲಿ 1.3 ಮೈಕ್ರೋಮೋಲ್, ಒಂದೊಂದಕ್ಕೆ 12 ಪ್ರೋಟಾನು, ಒಟ್ಟು ಸುಮಾರು 16. ಅಂದರೆ ಸೊನ್ನೆಯಲ್ಲಿ ನಿಲ್ಲುವ ಪೀಕು 7.26ರ ಪೀಕಿನಷ್ಟೇ. 1 ಶೇಕಡಾ ಇರುವ ಪ್ಯಾಕ್ ಈಗಲೂ ಕೆಟಲಾಗ್‌ಗಳಲ್ಲಿದೆ. ಅದು ಹಳೆಯ 60 ಮೆಗಾಹರ್ಟ್ಸ್ ಮಷೀನುಗಳ ಕಾಲದ್ದು. ಇಂದಿನ 400ರಲ್ಲಿ ಅದು ರಿಸೀವರ್ ಗೇನನ್ನೇ (ಸಿಗ್ನಲ್ ಹಿಗ್ಗಿಸುವ ಮಟ್ಟವನ್ನೇ) ತಿಂದುಹಾಕುತ್ತದೆ, ನಿಮ್ಮ ಸಣ್ಣ ಪೀಕುಗಳು ನೆಲಕ್ಕಂಟಿಕೊಳ್ಳುತ್ತವೆ. ತರಿಸಬೇಡಿ. ಇನ್ನೊಂದು ಮಾತು: ಟಿಎಂಎಸ್ ಕುದಿಯುವುದು 27 ಡಿಗ್ರಿ ಆಸುಪಾಸಿನಲ್ಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಬಾರಿ ಮುಚ್ಚಳ ತೆಗೆದ ಬಾಟಲಿಯಲ್ಲಿ ತಿಂಗಳು ಕಳೆದರೆ ಸೊನ್ನೆಯ ಪೀಕು ಬಡವಾಗುತ್ತದೆ. ಅದರಿಂದ ಪರಿಮಾಣ ಅಳೆಯಲು ಹೋಗಬೇಡಿ. ಪ್ರೋಟಾನಿಗೆ 7.26, ಕಾರ್ಬನ್‌ಗೆ 77.16ರ ಮೂರು ಗೆರೆಗಳ ನಡುವಿನದನ್ನು ಆಧಾರವಾಗಿ ಇಟ್ಟುಕೊಂಡರೆ ಟಿಎಂಎಸ್ ಇಲ್ಲದ ಬಾಟಲಿಯೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಡಿಎಂಎಸ್‌ಒ-ಡಿ6ಗೆ (ಆರೂ ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ ಇರುವ ಡೈಮೀಥೈಲ್ ಸಲ್ಫಾಕ್ಸೈಡ್‌ಗೆ) ಬಂದರೆ ನನ್ನ ತೀರ್ಪು ಪೂರ್ತಿ ಉಲ್ಟಾ. ದೊಡ್ಡ ಬಾಟಲಿ ಬೇಡ, ಆಂಪ್ಯೂಲ್ (ಒಂದು ಸಲಕ್ಕಾಗುವಷ್ಟು ತುಂಬಿ ಬಾಯಿ ಕರಗಿಸಿ ಮುಚ್ಚಿದ ಗಾಜಿನ ಪುಟ್ಟ ಶೀಶೆ) ತರಿಸಿ. ಕೊನೇಪಕ್ಷ 10 ಗ್ರಾಂನ ಸಣ್ಣ ಬಾಟಲಿ.

ಯಾಕೆಂದು ಮತ್ತೆ ಲೆಕ್ಕದಲ್ಲೇ ನೋಡಬಹುದು. 99.9 ಗ್ರೇಡ್‌ನ 0.6 ಮಿ.ಲೀ. ಡಿಎಂಎಸ್‌ಒ-ಡಿ6ನಲ್ಲಿ ಉಳಿದಿರುವ ಪ್ರೋಟಾನು ಸುಮಾರು 51 ಮೈಕ್ರೋಮೋಲ್, 2.50ರಲ್ಲಿ ಐದು ಗೆರೆಗಳಾಗಿ ಒಡೆದು ಕಾಣುವುದು ಅದೇ. ಹೊಸ ಬಾಟಲಿಯಲ್ಲಿ 0.02 ಶೇಕಡಾ ನೀರಿದೆ ಎಂದುಕೊಂಡರೆ ನೀರಿನ ಪ್ರೋಟಾನು 16 ಮೈಕ್ರೋಮೋಲ್. ಅದೇ ನೀರು 0.1 ಶೇಕಡಾ ಆದರೆ 79. ಅದೂ ಒಂದೇ ಗೆರೆಯಾಗಿ, 3.33ರಲ್ಲಿ, ಗೋಪುರದ ಹಾಗೆ. ಮೆಥಾಕ್ಸಿ, ಸಕ್ಕರೆಯ ಸಿಎಚ್, ಮಾರ್ಫೊಲೀನ್, ಪಿಪೆರಜೀನ್‌ನ ಪೀಕುಗಳೆಲ್ಲ ಆ ನೆರೆಹೊರೆಯಲ್ಲೇ ಬರುವುದು. 99.9ರ ಬದಲು 99.96 ಕೊಂಡು ಉಳಿಸಿದ್ದನ್ನೆಲ್ಲ ಒಂದು ಮಳೆಗಾಲ ವಾಪಸ್ ಕಸಿದುಕೊಳ್ಳುತ್ತದೆ. ಡಿಎಂಎಸ್‌ಒ ಗಾಳಿಯ ತೇವ ಹೀರುವುದು ಉಪ್ಪು ಹೀರಿದ ಹಾಗೆ; ಮಂಗಳೂರು, ಉಡುಪಿ, ಕಾರವಾರದ ಜುಲೈನಲ್ಲಿ ಬಾಟಲಿ ತೆರೆದಿಟ್ಟು ಸ್ಯಾಂಪಲ್ ತೂಗುತ್ತ ಕೂರುವುದು ದ್ರಾವಕಕ್ಕೆ ನೀರು ಬೆರೆಸಿದಂತೆಯೇ.

ಆಂಪ್ಯೂಲ್‌ಗಳು 0.5, 0.6, 0.75, 1 ಮಿ.ಲೀ. ಹೀಗೆ ಸಿಗುತ್ತವೆ. ಒಂದು ಸ್ಯಾಂಪಲ್‌ಗೆ 0.6 ಸಾಕು. 5 ಮಿ.ಮೀ. ಟ್ಯೂಬಿನ ಒಳವ್ಯಾಸ 4.2 ಮಿ.ಮೀ. ಆದ್ದರಿಂದ 0.6 ಮಿ.ಲೀ. ಎಂದರೆ ಸುಮಾರು 4.3 ಸೆಂ.ಮೀ. ಎತ್ತರ. ಇದಕ್ಕಿಂತ ಕಡಿಮೆ ಮಾಡಿ ಉಳಿತಾಯ ಮಾಡುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ: ದ್ರವದ ಮಟ್ಟ ಸಿಗ್ನಲ್ ಹಿಡಿಯುವ ಕಾಯಿಲ್‌ಗೆ ಹತ್ತಿರ ಬಂದಷ್ಟೂ ಶಿಮ್ ಕೆಡುತ್ತದೆ, ಮಷೀನಿನ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಹಾಗೆಂದು 0.75ರ ಆಂಪ್ಯೂಲ್ ಪೂರ್ತಿ ಸುರಿದರೆ ನಿಮ್ಮ ಎರಡು ಮಿಲಿಗ್ರಾಂ ಇನ್ನಷ್ಟು ತೆಳುವಾಗುತ್ತದೆ, ಕಾಯಿಲ್‌ನ ಹೊರಗೆ ನಿಂತ ದ್ರಾವಣ ಸಿಗ್ನಲ್ ಕೊಡುವುದಿಲ್ಲ. ಒಂದು ಆಂಪ್ಯೂಲ್ ತೆರೆದ ಮೇಲೆ ಉಳಿದದ್ದನ್ನು ಎತ್ತಿಟ್ಟುಕೊಳ್ಳುವ ಆಸೆ ಬೇಡ. ಆ ಆಸೆ ಇದ್ದರೆ ಆಂಪ್ಯೂಲ್‌ಗೆ ಹೆಚ್ಚು ಹಣ ಕೊಟ್ಟ ಉದ್ದೇಶವೇ ನೀರಲ್ಲಿ ಹೋಮ.

ತೆರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಟ್ಯೂಬು ಮತ್ತು ಸ್ಯಾಂಪಲ್ ಸಿದ್ಧ ಇಟ್ಟುಕೊಳ್ಳಿ. ಆಂಪ್ಯೂಲ್‌ನ ಕೊರಳ ಮೇಲೆ ಸಿಕ್ಕಿಕೊಂಡ ದ್ರವವನ್ನು ಬೆರಳಿನಿಂದ ತಟ್ಟಿ ಕೆಳಗಿಳಿಸಿ. ಟಿಶ್ಯೂ ಸುತ್ತಿ, ಗುರುತಿನ ಗೆರೆ ನಿಮ್ಮ ಕಡೆಗೆ ಬರುವಂತೆ ಹಿಡಿದು, ಆಂಪ್ಯೂಲ್‌ನ ತಲೆಯನ್ನು ಆಚೆಗೆ ಬಾಗಿಸಿ ಮುರಿಯಿರಿ. ಗಾಜಿನ ಪಾಶ್ಚರ್ ಪಿಪೆಟ್ಟಿನಿಂದ ಎತ್ತಿ ಸ್ಯಾಂಪಲ್ ವಯಲ್‌ಗೆ ಹಾಕಿ, ಕರಗಿಸಿ, ಟ್ಯೂಬಿಗೆ ವರ್ಗಾಯಿಸಿ. ಪ್ಲಾಸ್ಟಿಕ್ ಸಿರಿಂಜ್ ಕೈಗೆ ಸಿಕ್ಕಿತೆಂದು ಬಳಸಬೇಡಿ. ಕ್ಲೋರೋಫಾರಂ, ಡೈಕ್ಲೋರೋಮೀಥೇನ್ ಅಂಥವು ರಬ್ಬರ್ ಪಿಸ್ಟನ್ನಿನಿಂದ, ರಬ್ಬರ್ ಸೆಪ್ಟಮ್‌ನಿಂದ ಎಣ್ಣೆ ಎಳೆದು ತರುತ್ತವೆ. 0.86 ಮತ್ತು 1.26ರಲ್ಲಿ ಗ್ರೀಸ್‌ನಂಥ ಜೋಡಿ, 7.5ರಿಂದ 7.7ರ ನಡುವೆ ಪ್ಲಾಸ್ಟಿಕ್ಕಿನಿಂದ ಬರುವ ಥ್ಯಾಲೇಟ್, ಸಿಲಿಕೋನ್ ಗ್ರೀಸ್ ಆದರೆ 0.07. ಈ ಮೂರು ಜಾಗ ನೆನಪಿದ್ದರೆ ಹೊಸ ಸಂಯುಕ್ತ ಕಂಡುಹಿಡಿದೆ ಎಂಬ ಭ್ರಮೆ ಎಷ್ಟೋ ಸಲ ತಪ್ಪುತ್ತದೆ.

ಎಲ್ಲಕ್ಕೂ ಆಂಪ್ಯೂಲ್ ತರಿಸುವಷ್ಟು ಅನುದಾನ ಎಲ್ಲ ವಿಭಾಗಗಳಿಗೂ ಇರುವುದಿಲ್ಲ, ಅದು ನಿಜ. ಹಾಗಿದ್ದರೆ 10 ಗ್ರಾಂನ ಬಾಟಲಿ ತಂದು, 250ರಿಂದ 300 ಡಿಗ್ರಿಯಲ್ಲಿ ವ್ಯಾಕ್ಯೂಂ ಕೆಳಗೆ ಮೂರು ಗಂಟೆಗೂ ಹೆಚ್ಚು ಕಾಯಿಸಿದ 4 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ (ಸಣ್ಣ ರಂಧ್ರಗಳಲ್ಲಿ ನೀರು ಹಿಡಿಯುವ ವಸ್ತು) ಗೋಲಿಗಳನ್ನು ತಳದಲ್ಲಿ ಹಾಕಿ, ಡೆಸಿಕೇಟರ್‌ನಲ್ಲಿಡಿ. ಡಬ್ಬಿಯಿಂದ ನೇರವಾಗಿ ತೆಗೆದು ಹಾಕಿದ ಸೀವ್ ಏನನ್ನೂ ಒಣಗಿಸುವುದಿಲ್ಲ, ಅದು ಆಗಲೇ ಗಾಳಿಯ ನೀರು ಕುಡಿದು ಕೂತಿರುತ್ತದೆ. ಗೋಲಿಗಳು ಉಜ್ಜಿ ಬಿದ್ದ ಧೂಳು ಟ್ಯೂಬಿಗೆ ಬರದಂತೆ ದ್ರಾವಕವನ್ನು ಸಣ್ಣ ಹತ್ತಿಯ ಮೂಲಕ ಇಳಿಸಿ.

ಡಿಎಂಎಸ್‌ಒ-ಡಿ6 ಫ್ರಿಜ್ಜಿಗೆ ಹೋಗಬಾರದು. ಅದು ಸುಮಾರು 20 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಕಪಾಟಿನಲ್ಲೇ ಗಟ್ಟಿಯಾಗಿರುವುದನ್ನು ಕಂಡು ಕೆಟ್ಟುಹೋಯಿತೆಂದು ಎಸೆದವರಿದ್ದಾರೆ. ಕೆಟ್ಟಿಲ್ಲ. ಮುಚ್ಚಳ ಬಿಗಿಯಾಗಿಯೇ ಇಟ್ಟು ಅಂಗೈಯಲ್ಲಿ ಹಿಡಿದರೆ ಕರಗುತ್ತದೆ, ಪೂರ್ತಿ ಕರಗಿದ ಮೇಲೆ ತೆರೆಯಿರಿ. ಸಿಡಿಸಿಎಲ್3 ಮಾತ್ರ ಫ್ರಿಜ್ಜಿನ ಕತ್ತಲಲ್ಲಿ ಹಾಯಾಗಿರುತ್ತದೆ, ಆದರೆ ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ತಣ್ಣಗಿನ ಬಾಯಿಗೆ ಗಾಳಿಯ ಹಬೆ ಇಬ್ಬನಿಯಾಗಿ ಕೂತು ಒಳಗಿಳಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಇಷ್ಟೆಲ್ಲ ತೊಂದರೆ ಇರುವಾಗ ಡಿಎಂಎಸ್‌ಒ ಯಾಕೆ ಬೇಕು? ಎನ್‌ಎಚ್, ಒಎಚ್ ಪ್ರೋಟಾನುಗಳನ್ನು ಅದರಷ್ಟು ಚೆನ್ನಾಗಿ ತೋರಿಸುವ ದ್ರಾವಕ ಇನ್ನೊಂದಿಲ್ಲ. ಅವುಗಳ ಜೊತೆ ಗಟ್ಟಿ ಹೈಡ್ರೋಜನ್ ಬಂಧ ಹಾಕಿಕೊಳ್ಳುವುದರಿಂದ ವಿನಿಮಯ ನಿಧಾನವಾಗುತ್ತದೆ; ಒಣ ಡಿಎಂಎಸ್‌ಒನಲ್ಲಿ ಆಲ್ಕೊಹಾಲಿನ ಒಎಚ್ ಪಕ್ಕದ ಸಿಎಚ್2 ಜೊತೆ ಸೇರಿ ಟ್ರಿಪ್ಲೆಟ್ ಆಗಿ ಒಡೆಯುವುದನ್ನು ನೋಡಿದರೆ ದ್ರಾವಕ ಎಷ್ಟು ಒಣಗಿದೆ ಎಂದೂ ಗೊತ್ತಾಗುತ್ತದೆ. ನೀರು ಹೆಚ್ಚಾದಂತೆ ಆ ಗೆರೆಗಳು ಕೂಡಿಕೊಂಡು ಮುದ್ದೆಯಾಗುತ್ತವೆ. ಕೊರತೆ ಎಂದರೆ ಸ್ಯಾಂಪಲ್ ವಾಪಸ್ ತೆಗೆಯುವುದು. ಕುದಿಯುವುದು 189 ಡಿಗ್ರಿಯಲ್ಲಿ. ಇರುವುದೇ ಎರಡು ಮಿಲಿಗ್ರಾಂ ಆಗಿದ್ದು ಮುಂದಿನ ಹಂತಕ್ಕೆ ಅದೇ ಬೇಕಿದ್ದರೆ ಇದರಲ್ಲಿ ಕರಗಿಸುವ ಮುಂಚೆ ಎರಡು ಬಾರಿ ಯೋಚಿಸಿ. ಚರ್ಮದ ಮೂಲಕ ಒಳಗಿಳಿಯುವ ದ್ರಾವಕ ಇದು, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ, ಕೈಗವಸು ಹಾಕಿಕೊಳ್ಳಲೇಬೇಕು.

ಡಿ2ಒ, ನಮ್ಮ ಮಾತಿನಲ್ಲಿ ಭಾರಜಲ. ಉಳಿದ ದ್ರಾವಕಗಳ ಡ್ಯುಟೀರಿಯಂ ಕೂಡ ಇದರಿಂದಲೇ ಬರುವುದು. ಡಿಎಂಎಸ್‌ಒ-ಡಿ6 ತಯಾರಾಗುವುದು ಸಾದಾ ಡಿಎಂಎಸ್‌ಒವನ್ನು ಬೇಸ್ ಜೊತೆ ಭಾರಜಲದಲ್ಲಿ ಮತ್ತೆ ಮತ್ತೆ ವಿನಿಮಯ ಮಾಡಿಸಿ. ಭಾರತಕ್ಕೆ ಭಾರಜಲ ಹೊರಗಿನಿಂದ ಬರಬೇಕಿಲ್ಲ. ಅಣುಶಕ್ತಿ ಇಲಾಖೆಯ ಭಾರಜಲ ಮಂಡಳಿ ಮಣುಗೂರು, ಕೋಟ, ಥಲ್, ಹಜೀರಾ ಸ್ಥಾವರಗಳಲ್ಲಿ ತಯಾರಿಸುತ್ತದೆ, ಹೊರದೇಶಗಳಿಗೂ ಮಾರಿದೆ. ನಮ್ಮ ಕೈಗಾದ 220 ಮೆಗಾವಾಟ್‌ನ ನಾಲ್ಕೂ ರಿಯಾಕ್ಟರುಗಳು ನಡೆಯುವುದು ಭಾರಜಲದಲ್ಲೇ. ಲ್ಯಾಬಿಗೆ 99.9 ಗ್ರೇಡ್‌ನ ಸಣ್ಣ ಬಾಟಲಿಗಳು ಧಾರಾಳ ಸಾಕು, ದರವೂ ಕೈಗೆಟುಕುವಂಥದ್ದು.

ಅದರ ತಕರಾರು ಎಚ್‌ಒಡಿ (ಒಂದು ಹೈಡ್ರೋಜನ್, ಒಂದು ಡ್ಯುಟೀರಿಯಂ ಇರುವ ನೀರು) ಪೀಕು, 25 ಡಿಗ್ರಿಯಲ್ಲಿ 4.79ರಲ್ಲಿ. ಇದು ಶಾಖಕ್ಕೆ ಸರಿಯುತ್ತದೆ, ಡಿಗ್ರಿಗೆ ಸುಮಾರು 0.01 ಪಿಪಿಎಂ, ಬಿಸಿಯಾದಷ್ಟೂ ಬಲಕ್ಕೆ. ಗ್ಲುಕೋಸ್ ತೆಗೆದುಕೊಳ್ಳಿ: ಆಲ್ಫಾ ರೂಪದ ಮೊದಲ ಪ್ರೋಟಾನು 5.23ರಲ್ಲಿ ಆರಾಮವಾಗಿ ನಿಲ್ಲುತ್ತದೆ, ಬೀಟಾದ್ದು 4.64ರಲ್ಲಿ ನೀರಿನ ಇಳಿಜಾರಿನ ಮೇಲೆ. ಎರಡರ ಅನುಪಾತ ಅಳೆಯಬೇಕಾದಾಗ ಕೆಲವರು ನೀರನ್ನು ಸರಿಸಲೆಂದು 40 ಡಿಗ್ರಿಗೆ ಬಿಸಿ ಮಾಡುತ್ತಾರೆ, ನೀರು ನೇರವಾಗಿ ಬೀಟಾ ಪೀಕಿನ ನೆತ್ತಿಯ ಮೇಲೇ ಬಂದು ಕೂರುತ್ತದೆ. ಮಾಡಬೇಕಾದದ್ದು ತಣ್ಣಗೆ: 10 ಡಿಗ್ರಿಗೆ ಇಳಿಸಿದರೆ ನೀರು 4.9ರ ಆಚೀಚೆ ಹೋಗಿ ದಾರಿ ಬಿಡುತ್ತದೆ. ನೀರಿನ ಪೀಕನ್ನು ಒತ್ತಿಹಿಡಿಯುವ ಪ್ರೀಸ್ಯಾಚುರೇಶನ್ ಹಾಕಿದರೆ ಪಕ್ಕದ ಪೀಕಿನ ಇಂಟೆಗ್ರಲ್ಲೂ (ಪೀಕಿನ ವಿಸ್ತೀರ್ಣ) ಕುಗ್ಗುತ್ತದೆ, ಅನುಪಾತಕ್ಕೆ ಅದನ್ನು ನಂಬಬಾರದು.

ಡಿ2ಒನಲ್ಲಿ ಕಾರ್ಬನ್ ಇಲ್ಲ, ಹಾಗಾಗಿ ಕಾರ್ಬನ್ ಸ್ಪೆಕ್ಟ್ರಮ್‌ಗೆ ದ್ರಾವಕದ ಆಧಾರವೂ ಇಲ್ಲ. ಟಿಎಂಎಸ್‌ನಂತೆಯೇ ಸೊನ್ನೆ ತೋರಿಸುವ, ನೀರಿನಲ್ಲಿ ಕರಗುವ ಡಿಎಸ್‌ಎಸ್ ಚಿಟಿಕೆ ಹಾಕಿ ಸೊನ್ನೆ ಹಿಡಿಯಿರಿ, ಇಲ್ಲವೇ ಒಂದು ಸಣ್ಣ ಹನಿ ಮೆಥನಾಲ್ ಸೇರಿಸಿ: ಪ್ರೋಟಾನಿಗೆ 3.34, ಕಾರ್ಬನ್‌ಗೆ 49.50. ಪಿಎಚ್ ಮೀಟರ್ ಡಿ2ಒನಲ್ಲಿ ತೋರಿಸುವ ಅಂಕಿಗೆ 0.4 ಕೂಡಿಸಿದರೆ ಪಿಡಿ (ಭಾರಜಲದಲ್ಲಿ ಪಿಎಚ್‌ಗೆ ಸಾಟಿಯಾದ ಅಳತೆ) ಸಿಗುತ್ತದೆ. ಒಎಚ್ ಗುರುತಿಸಲು ಸಿಡಿಸಿಎಲ್3 ಟ್ಯೂಬಿಗೆ ಒಂದು ಹನಿ ಡಿ2ಒ ಹಾಕಿ ಕುಲುಕುವುದು ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಕುಲುಕಿದ ಮೇಲೆ ಒಂದೆರಡು ನಿಮಿಷ ನೆಟ್ಟಗೆ ನಿಲ್ಲಿಸಿ. ಕ್ಲೋರೋಫಾರಂಗಿಂತ ಹಗುರವಾದ ಡಿ2ಒ ಮೇಲಕ್ಕೆ ತೇಲಿ ಕಾಯಿಲ್‌ನ ಜಾಗ ಬಿಟ್ಟುಕೊಡುತ್ತದೆ.

ಉಳಿದವುಗಳಲ್ಲಿ ಮೆಥನಾಲ್-ಡಿ4 ಕರಗಿಸುವ ಶಕ್ತಿಗೆ ಒಳ್ಳೆಯದು, 3.31 ಮತ್ತು 4.87 ಬಿಟ್ಟರೆ ಸ್ವಚ್ಛ. ಆದರೆ ಎನ್‌ಎಚ್, ಒಎಚ್ ಎಲ್ಲ ಮಾಯ. ಬೇಸ್ ಉಳಿದಿರುವ ಎಸ್ಟರ್ ಸ್ಯಾಂಪಲ್ ಇದರಲ್ಲಿ ಕರಗಿಸಿ ರಾತ್ರಿಯಿಡೀ ಕಾರ್ಬನ್‌ಗೆ ಹಾಕಿದರೆ ಎಥಿಲ್ ಎಸ್ಟರ್ ಹೋಗಿ ಸಿಡಿ3 ಎಸ್ಟರ್ ಆಗುತ್ತದೆ, ಅದರ ಮೀಥೈಲ್ ಪ್ರೋಟಾನಿನಲ್ಲಿ ಕಾಣುವುದೂ ಇಲ್ಲ. ಆಲ್ಡಿಹೈಡ್‌ಗಳು ಹೆಮಿಅಸಿಟಾಲ್ ಆಗಿ ಎರಡು ಸೆಟ್ ಪೀಕು ಕೊಡುತ್ತವೆ. ಅಸಿಟೋನ್-ಡಿ6 ಅಗ್ಗವಾದರೂ ಪ್ರೈಮರಿ ಅಮೀನ್‌ಗಳಿಗೆ ಬೇಡ, ಇಮೀನ್ ಆಗುತ್ತದೆ. ಅದಕ್ಕೆ ಸೀವ್ ಕೂಡ ಹಾಕಬೇಡಿ, ಆಲ್ಡಾಲ್ ನಡೆದು ಬಾಟಲಿಯಲ್ಲೇ ಹೊಸ ಪೀಕುಗಳು ಹುಟ್ಟುತ್ತವೆ. ಅಸಿಟೊನೈಟ್ರೈಲ್-ಡಿ3 ಯಾರೂ ಹೊಗಳದ ಒಳ್ಳೆಯ ದ್ರಾವಕ: 1.94ರಲ್ಲಿ ಒಂದು ಸಣ್ಣ ಗುಂಪು, 2.13ರಲ್ಲಿ ನೀರು, ಅದರಾಚೆ ಪೂರ್ತಿ ಬಯಲು. 3 ಆಂಗ್‌ಸ್ಟ್ರಾಂ ಸೀವ್ ಅದಕ್ಕೆ ಒಗ್ಗುತ್ತದೆ. ಆಮ್ಲ ತಾಳದ ಸಂಯುಕ್ತಕ್ಕೆ ಡೈಕ್ಲೋರೋಮೀಥೇನ್-ಡಿ2 ಸಿಡಿಸಿಎಲ್3ಗಿಂತ ಸುರಕ್ಷಿತ, ದುಬಾರಿ. ಬೆಂಜೀನ್-ಡಿ6 ಒಂದು 10 ಗ್ರಾಂ ಬಾಟಲಿ ಇರಲಿ ಎನ್ನುತ್ತೇನೆ. ಕ್ಲೋರೋಫಾರಂನಲ್ಲಿ ಒಂದರ ಮೇಲೊಂದು ಬಿದ್ದ ಪೀಕುಗಳು ಬೆಂಜೀನ್‌ನಲ್ಲಿ ಬೇರೆ ಬೇರೆ ಸರಿದು ಬಿಡಿಸಿಕೊಳ್ಳುವುದು ಎಷ್ಟೋ ರಚನೆಗಳನ್ನು ಇತ್ಯರ್ಥ ಮಾಡಿದೆ. ಟಿಎಚ್‌ಎಫ್-ಡಿ8ಗೆ (ಟೆಟ್ರಾಹೈಡ್ರೋಫ್ಯೂರಾನ್) ಬಹಳ ದುಡ್ಡು. ಗಾಳಿ ತಾಗಬಾರದ ಲೋಹ ಸಂಕೀರ್ಣಗಳ ಕೆಲಸ ಇಲ್ಲದಿದ್ದರೆ ಅದರ ಗೊಡವೆ ಬೇಡ.

ಕೊಟೇಶನ್ ಹೋಲಿಸುವಾಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಗ್ರಾಂ ಮತ್ತು ಮಿಲಿಲೀಟರ್ ನಡುವೆ. 100 ಗ್ರಾಂ ಸಿಡಿಸಿಎಲ್3 ಎಂದರೆ ಸುಮಾರು 67 ಮಿ.ಲೀ., 110 ಟ್ಯೂಬು. 100 ಮಿ.ಲೀ. ಎಂದರೆ 150 ಗ್ರಾಂ, 165 ಟ್ಯೂಬು. ಎರಡೂ ಕಾಗದದಲ್ಲಿ 100 ಎಂದೇ ಕಾಣುತ್ತವೆ. 10 ಗ್ರಾಂ ಡಿಎಂಎಸ್‌ಒ-ಡಿ6 ಕೇವಲ 8.4 ಮಿ.ಲೀ., 14 ಟ್ಯೂಬು. ಅದೇ 10 ಗ್ರಾಂ ಅಸಿಟೊನೈಟ್ರೈಲ್-ಡಿ3 ಸುಮಾರು 11.9 ಮಿ.ಲೀ., 19 ಟ್ಯೂಬು. ಡೈಕ್ಲೋರೋಮೀಥೇನ್-ಡಿ2 ಆದರೆ 7.4 ಮಿ.ಲೀ. ಮಾತ್ರ. ಟ್ಯೂಬಿಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದ ಮೇಲೆಯೇ ಯಾವುದು ಅಗ್ಗ ಎಂದು ಹೇಳಿ. ಆಂಪ್ಯೂಲ್ ಪೆಟ್ಟಿಗೆಯ ದರವನ್ನು ಬಾಟಲಿಯ ಜೊತೆ ಹೋಲಿಸುವಾಗ, ಬಾಟಲಿಯ ತಳದಲ್ಲಿ ನೀರು ಹೆಚ್ಚಾಗಿ ಚೆಲ್ಲುವ ಕಾಲು ಭಾಗವನ್ನೂ ಲೆಕ್ಕಕ್ಕೆ ಸೇರಿಸಿ.

ಮಾಲು ಬಂದ ವಾರದೊಳಗೆ, ಬಾಟಲಿ ಮೊದಲ ಸಲ ತೆರೆದ ಕೂಡಲೇ, ಒಂದು ಖಾಲಿ ಸ್ಪೆಕ್ಟ್ರಮ್ ತೆಗೆಯಿರಿ: ಒಣಗಿದ ಟ್ಯೂಬು, 0.6 ಮಿ.ಲೀ. ದ್ರಾವಕ, 16 ಸ್ಕ್ಯಾನ್. ಟ್ಯೂಬು ಅಸಿಟೋನ್‌ನಲ್ಲಿ ತೊಳೆದದ್ದಾದರೆ ವ್ಯಾಕ್ಯೂಂನಲ್ಲಿ ಮಲಗಿಸಿ ಒಣಗಿಸಿರಬೇಕು. ಇಲ್ಲದಿದ್ದರೆ ಸಿಡಿಸಿಎಲ್3ನಲ್ಲಿ 2.17ಕ್ಕೆ ಅಸಿಟೋನ್ ಬಂದು, ದೂರು ತಿರುಗಿ ನಿಮ್ಮ ಮೇಲೇ ಬೀಳುತ್ತದೆ. ನೀರಿನ ಪೀಕನ್ನು ದ್ರಾವಕದ ಉಳಿಕೆ ಪೀಕಿನೊಂದಿಗೆ ಇಂಟೆಗ್ರೇಟ್ ಮಾಡಿ, ಆ ಅನುಪಾತವನ್ನೂ ತೆರೆದ ತಾರೀಕನ್ನೂ ಪೆನ್ಸಿಲ್‌ನಲ್ಲಿ ಲೇಬಲ್ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ಮತ್ತೆ ನೋಡಿದರೆ ಬಾಟಲಿ ಎಷ್ಟು ನೀರು ಕುಡಿದಿದೆ ಎಂಬುದು ಆ ಲೇಬಲ್ಲಿನಲ್ಲೇ ಇರುತ್ತದೆ. ಹೊಸ ಬಾಟಲಿಯಲ್ಲೇ ಅಪರಿಚಿತ ಪೀಕು ಕಂಡರೆ ಮಾರಿದವರಿಗೆ ಬರಿ ಮಾತಿನ ದೂರು ಕಳಿಸಬೇಡಿ. ಲಾಟ್ ನಂಬರ್, ಖಾಲಿ ಸ್ಪೆಕ್ಟ್ರಮ್‌ನ ಮೂಲ ಫೈಲ್, ಮತ್ತು ಅದೇ ಟ್ಯೂಬಿನಲ್ಲಿ ಬೇರೆ ಲಾಟ್‌ನ ದ್ರಾವಕ ಹಾಕಿ ತೆಗೆದ ಇನ್ನೊಂದು ಸ್ಪೆಕ್ಟ್ರಮ್, ಮೂರನ್ನೂ ಒಟ್ಟಿಗೆ ಕಳಿಸಿ.